ನಿನ್ನ ಕೈ ಹೇಳಿದ ಸಿನಿಮಾ

ಆಕ್ರನ್, ಒಹಾಯೊ
18 ಮಾರ್ಚ್ 1980

ನೋರೀನ್,

ನೀನು ಕಳಿಸಿದ ಪೆಟ್ಟಿಗೆ ಬಂತು! ಗೆಳತಿ ಟಿಲ್ಲಿಯ ಗಂಡ ಬಂದು ಟಿ.ವಿ.ಗೆ ಜೋಡಿಸಿಕೊಟ್ಟ. ಭಾನುವಾರ ಸಂಜೆ ನೋಡುತ್ತೇನೆ, ಪರದೆಯ ಕೆಳಗೊಂದು ಕಪ್ಪು ಪಟ್ಟಿ, ಅದರ ಮೇಲೆ ಬಿಳಿ ಅಕ್ಷರ. ಅವರು ಬಾಯಾಡಿಸಿದ್ದೆಲ್ಲ ಅಕ್ಷರವಾಗಿ ಬರುತ್ತಿದೆ. ನಾನೂ ಟಿಲ್ಲಿಯೂ ಕೈಕೈ ಹಿಡಿದುಕೊಂಡು ಅತ್ತೆವು. ಕೈ ಹಿಡಿದುಕೊಂಡರೆ ನಮ್ಮಂಥ ಕಿವುಡರಿಗೆ ಮಾತೇ ನಿಂತುಹೋಗುತ್ತದಲ್ಲ, ಹತ್ತು ನಿಮಿಷ ಇಬ್ಬರೂ ಸುಮ್ಮನೆ ಕೂತಿದ್ದೆವು.

ಹನ್ನೊಂದನೆಯ ನಿಮಿಷಕ್ಕೆ ನನಗೆ ಸಿಟ್ಟು ಬಂತು. ಇಷ್ಟೇನಾ? ಮಾತಿನ ಸಿನಿಮಾ ಬಂದು ನಮ್ಮನ್ನು ಥಿಯೇಟರಿನಿಂದ ಆಚೆ ಹಾಕಿದಾಗ ನನಗೆ ಹದಿನೇಳು. ಅಂದಿನಿಂದ ಈ ಕಿವಿಯವರು ಏನೋ ಘನವಾದದ್ದನ್ನು ಮಾತಾಡಿಕೊಳ್ಳುತ್ತಿದ್ದಾರೆ, ನಮಗೆ ಸಿಗುತ್ತಿಲ್ಲ ಎಂದು ಕೊರಗಿದ್ದೇನೆ. ನೋಡಿದರೆ, “ಕಾಫಿ ಬೇಕಾ?” “ಬೇಡ, ಈಗ್ತಾನೆ ಕುಡ್ದೆ.” “ಮಳೆ ಬರೋ ಹಾಗಿದೆ.” “ಹೌದಲ್ವಾ?” ಥೂ! ಇದಕ್ಕಾ ಐವತ್ತು ವರ್ಷ ಹೊಟ್ಟೆ ಉರಿದುಕೊಂಡದ್ದು? ನೀನು ಚಿಕ್ಕವಳಿದ್ದಾಗ ಟಿ.ವಿ. ಪಕ್ಕದ ಮುಕ್ಕಾಲಿಯ ಮೇಲೆ ಕೂತು, ದೀಪದ ಬೆಳಕಿಗೆ ಕೈ ಹಿಡಿದು, ನಿನ್ನ ಕಿವಿಗೆ ಬಿದ್ದದ್ದನ್ನು ಸನ್ನೆಯಲ್ಲಿ ಹೇಳುತ್ತಿದ್ದೆಯಲ್ಲ, ಆ ಮಾತುಗಳೇ ಇದಕ್ಕಿಂತ ಚೆಂದ ಇದ್ದವು. ಮುಖಸ್ತುತಿ ಅಲ್ಲ, ಟಿಲ್ಲಿಯೂ ಒಪ್ಪಿದಳು.

ಇನ್ನೊಂದು ವಿಷಯ. ನನಗೆ ಈಗ ಟಿ.ವಿ. ನೋಡಲು ಕುರ್ಚಿಯನ್ನು ತೀರಾ ಮುಂದಕ್ಕೆ ಎಳೆದುಕೊಳ್ಳಬೇಕು. ಪಕ್ಕದಲ್ಲಿ ಯಾರಾದರೂ ಕೈಯಾಡಿಸಿದರೆ ಕಾಣುವುದಿಲ್ಲ, ಕೊಳವೆಯಲ್ಲಿ ನೋಡಿದ ಹಾಗೆ ಎದುರಿನದಷ್ಟೇ ಕಾಣುತ್ತದೆ. ಟಿಲ್ಲಿ ಹಟ ಹಿಡಿದು ಜೂನ್ ಐದಕ್ಕೆ ಕಣ್ಣಿನ ಡಾಕ್ಟರ ಹತ್ತಿರ ದಿನ ಗೊತ್ತುಮಾಡಿದ್ದಾಳೆ. ನಾನು ಡಾಕ್ಟರ ಮುಖ ನೋಡಿ ಇಪ್ಪತ್ತೆರಡು ವರ್ಷವಾಯಿತು, ಯಾಕೆಂದು ನಿನಗೆ ಹೇಳಬೇಕಿಲ್ಲ. ನೀನು ಜೊತೆಗಿದ್ದು ಅವನು ಹೇಳಿದ್ದನ್ನು ಕೈಯಲ್ಲಿ ಹೇಳುವುದಾದರೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ. ಬಾ.

ನಿನ್ನ ತಾಯಿ
ಹುಲ್ಡಾ

*

ಟಕೋಮಾ
29 ಮಾರ್ಚ್ 1980

ಪ್ರೀತಿಯ ಅಮ್ಮ,

ಪೆಟ್ಟಿಗೆ ಕೆಲಸ ಮಾಡುತ್ತಿದೆ ಎಂದು ತಿಳಿದು ಸಂತೋಷವಾಯಿತು. ಪತ್ರಿಕೆಯಲ್ಲಿ ಓದಿದ ದಿನವೇ ನಿನಗೆ ಕಳಿಸಬೇಕು ಅನ್ನಿಸಿತ್ತು.

ಇಲ್ಲಿ ಟೆಲಿಫೋನ್ ಕಚೇರಿಯಲ್ಲಿ ದಿನವಿಡೀ ಕಿವಿಗೆ ಮಾತು ತುಂಬಿಕೊಂಡು ಮನೆಗೆ ಬಂದರೆ ನಾನು ಟಿ.ವಿ.ಯ ಧ್ವನಿ ಪೂರ್ತಿ ತಗ್ಗಿಸಿ ನೋಡುತ್ತೇನೆ. ಮೂಕಿ ಚಿತ್ರಗಳೇ ನನಗೂ ಇಷ್ಟವಾಗುತ್ತಿವೆ. ಪ್ರೇಮದ ಹಾಸ್ಯಚಿತ್ರಗಳನ್ನು ನೋಡುವುದಿಲ್ಲ. ಎಲ್ಲದರಲ್ಲೂ ಯಾರೋ ಏನನ್ನೋ ಮುಚ್ಚಿಟ್ಟಿರುತ್ತಾರೆ, ಒಂದೂವರೆ ಗಂಟೆ ಕಳೆದ ಮೇಲೆ ಹೇಳುತ್ತಾರೆ, ಕೂಡಲೇ ಎದುರಿನವರು ಕ್ಷಮಿಸಿ ಅಪ್ಪಿಕೊಳ್ಳುತ್ತಾರೆ. ಶುದ್ಧ ಸುಳ್ಳು.

ಜೂನ್‌ನಲ್ಲಿ ರಜೆ ಸಿಗುವ ಹಾಗೆ ಕಾಣುವುದಿಲ್ಲ. ಡಾಕ್ಟರಿಗೆ ಕಾಗದದಲ್ಲಿ ಬರೆದುಕೊಡಲು ಹೇಳು. ಈಗಿನವರು ಬರೆದುಕೊಡುತ್ತಾರೆ. ದಯವಿಟ್ಟು ಹೋಗು ಅಮ್ಮ, ತಡಮಾಡಬೇಡ.

ಭಾನುವಾರಗಳಲ್ಲಿ ಯಾವ ಯಾವ ಸಿನಿಮಾ ಬರುತ್ತವೆ ಎಂದು ಪಟ್ಟಿ ಕೊಟ್ಟಿದ್ದಾರೆಯೇ?

ನೋರೀನ್

*

ಆಕ್ರನ್
15 ಏಪ್ರಿಲ್ 1980

ನೋರೀನ್,

ರಜೆ ಸಿಗುವುದಿಲ್ಲವಂತೆ! ದೇಶದ ಫೋನೆಲ್ಲ ಇವಳ ತಲೆಯ ಮೇಲೇ ನಿಂತಿದೆ.

ಶನಿವಾರ ನಮ್ಮ ಕಿವುಡರ ಕ್ಲಬ್ಬಿನಲ್ಲಿ ಹಳೆಯ ಮೂಕಿ ಚಿತ್ರ ಹಾಕಿದ್ದರು. ನಾಯಕ ನಾಯಕಿಯ ಮುಂದೆ ಮಂಡಿಯೂರಿ, ಎದೆಯ ಮೇಲೆ ಕೈಯಿಟ್ಟು ಏನೋ ಹೇಳುತ್ತಾನೆ. ಅಕ್ಷರದಲ್ಲಿ ಬಂದದ್ದು, ‘ಪ್ರಿಯೆ, ನೀನಿಲ್ಲದೆ ನಾನು ಬದುಕಲಾರೆ.’ ಅವನ ತುಟಿ ನಿಜವಾಗಿ ಹೇಳಿದ್ದು, “ಬೇಗ ಮುಗ್ಸಮ್ಮ, ಈ ಬೂಟು ಕಾಲು ಕಚ್ತಿದೆ.” ಅದಕ್ಕೆ ಅವಳ ತುಟಿ, “ಮೊದ್ಲು ಬಾಯಿ ಆಕಡೆ ತಿರುಗ್ಸು, ಈರುಳ್ಳಿ ನಾತ.” ಅರವತ್ತು ಜನ ಕಿವುಡರು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆವು. ನಾನು ಹುಡುಗಿಯಾಗಿದ್ದಾಗಲೂ ಹೀಗೇ. ಥಿಯೇಟರಿನಲ್ಲಿ ಕಿವಿಯವರು ಕಣ್ಣೊರೆಸಿಕೊಳ್ಳುತ್ತಿದ್ದರೆ ನಾವು ಕಿಸಿಕಿಸಿ ನಗುತ್ತಿದ್ದೆವು. ನಮ್ಮ ಮುಂದೆ ಯಾರೂ ಸುಳ್ಳು ಹೇಳಿ ದಕ್ಕಿಸಿಕೊಳ್ಳುವ ಹಾಗಿರಲಿಲ್ಲ. ಮೀಸೆಯಿರುವ ನಟ ಬಂದರೆ ಮಾತ್ರ ನಾವು ಸೋತೆವು. ಮೀಸೆ ಬಿಟ್ಟ ನಾಯಕನನ್ನು ಪ್ರೀತಿಸುವ ಹುಡುಗಿಯ ಬಗ್ಗೆ ನನಗೆ ಕನಿಕರವಿಲ್ಲ.

ಪಟ್ಟಿ ಕೇಳಿದ್ದೆಯಲ್ಲ, ಖುಷಿಪಡು. ಮೇ ನಾಲ್ಕಕ್ಕೆ ನಮ್ಮ ಛತ್ರಿ ಸಿನಿಮಾ! ನೀನು ಹತ್ತು ವರ್ಷದವಳಿದ್ದಾಗ ಹೇಳಿದ್ದು. ಛತ್ರಿ ರಿಪೇರಿಯವನು, ಟೋಪಿ ಹೊಲಿಯುವವಳು. ಅವನ ಮುಖ ನೋಡುವುದಕ್ಕೆಂದೇ ಅವಳು ಒಂದೇ ಛತ್ರಿಯನ್ನು ಒಂಬತ್ತು ಸಲ ಮುರಿದುಕೊಂಡು ಬರುತ್ತಾಳೆ. ಕೊನೆಗೆ ಬಸ್ ನಿಲ್ದಾಣದಲ್ಲಿ ಅವನು ಅವಳನ್ನು ಅಪ್ಪಿಕೊಂಡು, “ಅಂಗಡಿ ಬಾಗ್ಲು ಹಾಕ್ಬಿಟ್ಟೆ ಕಣೇ, ನಿನ್ಜೊತೆ ನಾನೂ ಬರ್ತೀನಿ. ಇನ್ಮೇಲೆ ಇಬ್ರಿಗೂ ಒಂದೇ ಛತ್ರಿ,” ಅನ್ನುತ್ತಾನೆ. ನಿನ್ನ ಪುಟ್ಟ ಕೈಗಳು ಆ ‘ಒಂದೇ ಛತ್ರಿ’ಯನ್ನು ಬಿಡಿಸಿ ತೋರಿಸಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಿನ್ನ ಅಪ್ಪ ಎಮೆರಿ ಅತ್ತುಬಿಟ್ಟಿದ್ದ. ಟೈರು ಕಾರ್ಖಾನೆಯಲ್ಲಿ ಕೈ ಸುಟ್ಟುಕೊಂಡಾಗಲೂ ಅಳದವನು!

ಇಪ್ಪತ್ತೈದು ವರ್ಷದಿಂದ ಆ ಕಥೆಯನ್ನು ನಾನು ಕ್ಲಬ್ಬಿನಲ್ಲಿ ಆಡಿ ತೋರಿಸುತ್ತಿದ್ದೇನೆ. ಹುಲ್ಡಾಳ ಛತ್ರಿ ಎಂದರೆ ಊರಿನ ಕಿವುಡರಿಗೆಲ್ಲ ಗೊತ್ತು. ಎಂಟು ಜನರನ್ನು ಮನೆಗೆ ಕರೆದಿದ್ದೇನೆ. ನೀನೂ ಇದ್ದಿದ್ದರೆ.

ಡಾಕ್ಟರ ವಿಷಯ ಮತ್ತೆ ಹೇಳುತ್ತೇನೆ. ಕಾಗದದ ಮೇಲೆ ನನಗೆ ನಂಬಿಕೆಯಿಲ್ಲ, ನಿನ್ನ ಕೈ ಮೇಲಿದೆ. ಯಾವತ್ತೂ ಇದ್ದದ್ದು ಅದೊಂದೇ. ಬಾ ಮಗಳೇ.

ತಾಯಿ

*

ಟಕೋಮಾ
22 ಏಪ್ರಿಲ್ 1980

ಅಮ್ಮ,

ಆ ಛತ್ರಿ ಸಿನಿಮಾ ನೋಡಬೇಡ. ಅಷ್ಟೇನೂ ಚೆನ್ನಾಗಿಲ್ಲ ಅದು, ಚಿಕ್ಕವಳಾಗಿದ್ದಕ್ಕೆ ನನಗೆ ಹಾಗನ್ನಿಸಿತ್ತು. ಬಂದವರನ್ನು ಎಲ್ಲಾದರೂ ಊಟಕ್ಕೆ ಕರೆದುಕೊಂಡು ಹೋಗು. ಇಲ್ಲವೇ ಇಸ್ಪೀಟು ಆಡಿ.

ಡಾಕ್ಟರ ಹತ್ತಿರ ಮಾತ್ರ ತಪ್ಪದೆ ಹೋಗು.

ನೋರೀನ್

*

ಆಕ್ರನ್
7 ಮೇ 1980

ನೋರೀನ್,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ‘ಕಳ್ಳ’ ಎನ್ನುವ ಮೊದಲೇ ನೀನು ಮುಟ್ಟಿ ನೋಡಿಕೊಂಡೆ. ಆಗಲೂ ನನಗೆ ಹೊಳೆಯಲಿಲ್ಲ.

ಭಾನುವಾರ ಎಂಟೂ ಜನ ಬಂದರು. ಕೋಸಿನ ಸುರುಳಿ ಮಾಡಿದ್ದೆ, ಟಿಲ್ಲಿ ಚೆರಿ ಹಣ್ಣಿನ ಕಡುಬು ತಂದಿದ್ದಳು. ಸಿನಿಮಾ ಶುರುವಾದ ಹತ್ತು ನಿಮಿಷಕ್ಕೇ ಎಲ್ಲರೂ ನನ್ನ ಮುಖ ನೋಡತೊಡಗಿದರು. ಟೋಪಿಯವಳು ಛತ್ರಿ ಮುರಿಯುತ್ತಿದ್ದದ್ದು ಪ್ರೀತಿಗಲ್ಲವಂತೆ. ಎಷ್ಟು ಸಲ ಮುರಿದರೆ ಅವನು ರೇಗುತ್ತಾನೆಂದು ಎದುರಿನ ಅಂಗಡಿಯವನ ಜೊತೆ ಪಂದ್ಯ ಕಟ್ಟಿದ್ದಳಂತೆ! ಬಸ್ ನಿಲ್ದಾಣ ಬಂತು. ಅವನು ಅಪ್ಪಿಕೊಂಡ. ಅಕ್ಷರ ಬಂತು. “ಹೋದ ವಾರ ನನ್ ಮದುವೆ ನಿಶ್ಚಯ ಆಯ್ತು. ನಿಂಗೆ ಒಳ್ಳೇದಾಗ್ಲಿ.” ಅವಳು, “ಸದ್ಯ, ಮಳೆ ನಿಂತಿದೆ,” ಅಂದಳು. ಬಸ್ ಹತ್ತಿ ಹೋದಳು. ಮುಗಿಯಿತು. ಇದನ್ನೂ ಹಾಸ್ಯಚಿತ್ರ ಅನ್ನುತ್ತಾರಲ್ಲ ಈ ಕಿವಿಯವರು!

ಎಂಟು ಜನವೂ ಬಿದ್ದುಬಿದ್ದು ನಕ್ಕರು. ಟಿಲ್ಲಿಯ ಗಂಡ ಎದ್ದುನಿಂತು, “ಏನ್ ಹುಲ್ಡಾ, ಇಷ್ಟ್ ವರ್ಷ ನಮ್ ಕಿವಿಗೆ ಹೂ ಮುಡಿಸಿದ್ಯಲ್ಲಾ! ಹ್ಯಾಗೂ ಕೇಳ್ಸಲ್ಲ, ಹೂವಾದ್ರೂ ಇರ್ಲಿ ಅಂತ್ಲಾ?” ಎಂದು ಕೈಯಾಡಿಸಿದ. ನಾನೂ ನಕ್ಕೆ. ನಿಜವಾಗಿ ನಕ್ಕೆ ನೋರೀನ್. ಹತ್ತು ವರ್ಷದ ಹುಡುಗಿ ಅಪ್ಪ ಅಮ್ಮನಿಗೆ ಬೇಜಾರಾಗಬಾರದೆಂದು ಇಡೀ ಸಿನಿಮಾವನ್ನೇ ತಿರುಗಿಸಿ ಹೊಲಿದಿದ್ದಾಳೆ. ಸಿನಿಮಾದವರಿಗಿಂತ ಚೆನ್ನಾಗಿ ಹೊಲಿದಿದ್ದಾಳೆ. ನಾವು ಅವಳ ಕೈ ನೋಡಿದೆವೇ ಹೊರತು ಪರದೆಯವರ ತುಟಿ ನೋಡಲೇ ಇಲ್ಲ. ಅವರೆಲ್ಲ ಹೋದ ಮೇಲೂ ಒಬ್ಬಳೇ ನಗುತ್ತಿದ್ದೆ.

ಸೋಮವಾರ ಬೆಳಗ್ಗೆ ಪಾತ್ರೆ ತೊಳೆಯುತ್ತಾ ನಿಂತವಳಿಗೆ ಒಂದು ಪ್ರಶ್ನೆ ಬಂತು. ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ಕೂತುಬಿಟ್ಟೆ. ಎರಡು ದಿನವಾಯಿತು, ಅದು ಹೋಗುತ್ತಿಲ್ಲ. ಕೇಳಿಯೇಬಿಡುತ್ತೇನೆ.

1958ರ ನವೆಂಬರ್. ಆಸ್ಪತ್ರೆಯ ಪಡಸಾಲೆ, ಶುಕ್ರವಾರ ಮಧ್ಯಾಹ್ನ. ನಿನಗೆ ಹದಿಮೂರು. ಡಾಕ್ಟರ್ ಹ್ಯಾವರ್ಲಿ ನಿನ್ನ ಹತ್ತಿರ ಬಗ್ಗಿ ಮಾತಾಡಿದ. ಅವನಿಗೆ ಪೊದೆ ಮೀಸೆ, ತುಟಿ ನನಗೆ ಓದಲು ಬರಲಿಲ್ಲ. ನೀನು ನನ್ನ ಕಡೆ ತಿರುಗಿ, “ಅಪ್ಪ ಹುಷಾರಾಗ್ತಿದಾರಂತೆ. ನೀನು ಮನೆಗೋಗಿ ನಿದ್ದೆ ಮಾಡ್ಬೇಕಂತೆ, ಭಾನುವಾರ ಬಂದ್ರೆ ಸಾಕಂತೆ,” ಎಂದು ಹೇಳಿದೆ. ನಾನು ನಿನ್ನನ್ನು ಕರೆದುಕೊಂಡು ಮನೆಗೆ ಬಂದೆ. ಶನಿವಾರ ನಿನ್ನ ಅಪ್ಪ ಸತ್ತ.

ಡಾಕ್ಟರ್ ಏನು ಹೇಳಿದ?

ತಾಯಿ

*

ಆಕ್ರನ್
10 ಜೂನ್ 1980

ನೋರೀನ್,

ಐದು ವಾರವಾಯಿತು, ನಿನ್ನಿಂದ ಉತ್ತರವಿಲ್ಲ.

ಐದನೇ ತಾರೀಖು ನಾನೊಬ್ಬಳೇ ಹೋಗಿ ಬಂದೆ. ಡಾಕ್ಟರ್ ಚಿಕ್ಕ ವಯಸ್ಸಿನವನು, ಮೀಸೆಯಿಲ್ಲ. ಕಾಗದದ ಮೇಲೆ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸತ್ತಿದೆಯಂತೆ. ಎಡಗಣ್ಣು ಹೋಗಿಯಾಗಿದೆ. ಬಲಗಣ್ಣು ಚಳಿಗಾಲದವರೆಗೆ ಇದ್ದರೆ ಹೆಚ್ಚು. ಹೋದದ್ದು ಯಾವ ಔಷಧಿಗೂ ವಾಪಸು ಬರುವುದಿಲ್ಲವಂತೆ. ಕೊನೆಯಲ್ಲಿ ಅವನೊಂದು ಸಾಲು ಬರೆದ. ‘ಹತ್ತು ವರ್ಷದ ಹಿಂದೆ ಯಾಕೆ ಬರಲಿಲ್ಲ? ಆಗ ದಿನಕ್ಕೆರಡು ಹನಿ ಔಷಧಿಯಲ್ಲಿ ನಿಲ್ಲುತ್ತಿತ್ತು.’

ನಾನು ಕೆಳಗೆ ಬರೆದೆ. ‘ಡಾಕ್ಟರುಗಳು ಸುಳ್ಳು ಹೇಳುತ್ತಾರೆಂದು ಬರಲಿಲ್ಲ.’ ಅವನು ಓದಿ ನನ್ನನ್ನೇ ನೋಡಿದ, ಪಾಪ.

ನಾನು ಏನೇನು ಮಾಡಿದ್ದೇನೆಂದು ನೀನು ಕಣ್ಣಾರೆ ನೋಡಿದ್ದೀಯೆ. ಹ್ಯಾವರ್ಲಿಯ ಮನೆಯ ಮುಂದೆ ಬಸ್ಸು ಹೋದಾಗಲೆಲ್ಲ ಕಿಟಕಿಯಿಂದ ಉಗಿದಿದ್ದೇನೆ. ಪ್ರತಿ ನವೆಂಬರಿನಲ್ಲೂ ಅವನಿಗೊಂದು ಪತ್ರ ಹಾಕಿದ್ದೇನೆ, ‘ನೀನು ಸುಳ್ಳುಗಾರ, ನನ್ನ ಗಂಡನನ್ನು ಒಂಟಿಯಾಗಿ ಸಾಯಿಸಿದೆ’ ಎಂದು. ಎರಡು ಮೂರು ಸಲ ಅಂಚೆಚೀಟಿ ಹಚ್ಚಿದವಳು ನೀನೇ.

ನಿನ್ನ ಅಪ್ಪನ ಎರಡೂ ಕೈಗಳನ್ನು ಹಲಗೆಗೆ ಕಟ್ಟಿದ್ದರು, ಸೂಜಿ ಅಲುಗಾಡಬಾರದೆಂದು. ಭಾನುವಾರ ನಾವು ಹೋದಾಗ ಮಣಿಕಟ್ಟಿನಲ್ಲಿ ಗಾಯವಿತ್ತು, ಪಟ್ಟಿಯನ್ನು ಎಳೆದಾಡಿದ ಗಾಯ. ಒಂದು ರಾತ್ರಿ ಒಂದು ಹಗಲು ಅವನು ಏನೋ ಹೇಳಲು ಒದ್ದಾಡಿದ್ದಾನೆ. ಕೈ ಕಟ್ಟಿದರೆ ನಮ್ಮವರ ಬಾಯಿ ಕಟ್ಟಿದ ಹಾಗೆ ಎಂದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಾನಿದ್ದಿದ್ದರೆ ಹಲ್ಲಿನಿಂದ ಕಚ್ಚಿಯಾದರೂ ಬಿಚ್ಚುತ್ತಿದ್ದೆ.

ಒಂದು ಸಾಲು ಸಾಕು. ನನಗೆ ಓದಲು ಬರುವಾಗಲೇ ಬರೆ.

ತಾಯಿ

*

ಟಕೋಮಾ
24 ಜೂನ್ 1980

ಅಮ್ಮ,

ಡಾಕ್ಟರ್ ಹೇಳಿದ್ದು ಇದು. ಒಂದೂ ಮಾತು ಮರೆತಿಲ್ಲ. “ಮಗೂ, ನಿನ್ ತಾಯಿಗೆ ಹೇಳು. ಅವ್ರಿಗೆ ಉಳ್ದಿರೋದು ಒಂದ್ ದಿನ, ಹೆಚ್ಚಂದ್ರೆ ಎರಡು. ಇವತ್ತು ಮನೆಗ್ ಹೋಗ್ಬೇಡಿ. ಪಕ್ಕದಲ್ಲೇ ಇರಿ. ನಾನ್ ನರ್ಸಿಗೆ ಹೇಳಿ ಕುರ್ಚಿ ಹಾಕಿಸ್ತೀನಿ.”

ನಾನು ನಿನ್ನ ಕಡೆ ತಿರುಗಿದೆ. ನೀನು ನನ್ನ ಕೈಯನ್ನೇ ನೋಡುತ್ತಿದ್ದೆ, ಸಿನಿಮಾದ ಕೊನೆಯಲ್ಲಿ ನೋಡುತ್ತಿದ್ದ ಹಾಗೆ. ‘ಸಾವು’ ಎಂಬ ಸನ್ನೆಗೆ ಎರಡು ಅಂಗೈ ಮಗುಚಬೇಕು, ಅಷ್ಟೇ. ನನ್ನ ಕೈ ಮಗುಚಲಿಲ್ಲ ಅಮ್ಮ. ತಾನಾಗಿಯೇ ಬೇರೆ ಮಾತು ಹೇಳಿತು. ಒಮ್ಮೆ ಹೇಳಿದ ಮೇಲೆ, ಹಾಗೆ ಹೇಳಿದರೆ ಹಾಗೇ ಆಗುತ್ತದೆ ಎಂದು ನಂಬಿಬಿಟ್ಟೆ. ಭಾನುವಾರ ಅಪ್ಪ ಎದ್ದು ಕೂತಿರುತ್ತಾರೆ ಎಂದುಕೊಂಡಿದ್ದೆ.

ಆಮೇಲೆ ಹೇಳಬಹುದಿತ್ತು. ಪ್ರತಿ ನವೆಂಬರಿನಲ್ಲೂ ಹೇಳಬೇಕೆಂದುಕೊಂಡೆ. ಹತ್ತೊಂಬತ್ತಕ್ಕೆ ಮನೆ ಬಿಟ್ಟೆ, ಹೇಳದೆ ನಿನ್ನ ಎದುರು ಕೂರಲಾಗದೆ ಬಿಟ್ಟೆ. ನೀನು ಡಾಕ್ಟರ ಹತ್ತಿರ ಹೋಗುವುದಿಲ್ಲ ಎಂದಾಗಲೆಲ್ಲ ಕಾರಣ ನಾನೆಂದು ಗೊತ್ತಿತ್ತು. ನಿನ್ನ ಕಣ್ಣು ಹೋಗುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

ಕೆಲಸ ಬಿಟ್ಟು ಬರುತ್ತೇನೆ. ನಿನ್ನ ಜೊತೆಯಲ್ಲೇ ಇರುತ್ತೇನೆ. ಕಣ್ಣು ಹೋದ ಮೇಲೆ ನಿನ್ನ ಅಂಗೈಯೊಳಗೆ ಕೈಯಿಟ್ಟು ಎಲ್ಲ ಹೇಳುತ್ತೇನೆ, ಯಾರು ಬಂದರು, ಏನಂದರು, ಟಿ.ವಿ.ಯಲ್ಲಿ ಏನು ಬಂತು. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಒಂದು ಮಾತು ಬರೆ, ಹೊರಡುತ್ತೇನೆ.

ನೋರೀನ್

*

ಆಕ್ರನ್
3 ಆಗಸ್ಟ್ 1980

ನೋರೀನ್,

ಈ ಪತ್ರ ಬರೆಯಲು ನಾಲ್ಕು ದಿನ ಹಿಡಿಯಿತು. ಭೂತಗನ್ನಡಿಯಲ್ಲಿ ಒಂದು ಸಲಕ್ಕೆ ಎರಡು ಪದ ಕಾಣುತ್ತವೆ. ಸಾಲು ಓರೆಯಾಗಿದ್ದರೆ ಹೊಂದಿಸಿಕೋ.

ಟಿಲ್ಲಿಯ ಜೊತೆ ಬಸ್ಸಿನಲ್ಲಿ ಹೋಗಿ ಹ್ಯಾವರ್ಲಿಯ ಸಮಾಧಿ ಹುಡುಕಿದೆ. ಅವನು ಸತ್ತು ಒಂಬತ್ತು ವರ್ಷವಾಗಿದೆಯಂತೆ. ಒಂಬತ್ತು ವರ್ಷ ನಾನು ಸತ್ತವನಿಗೆ ಬೈಗುಳ ಬರೆದಿದ್ದೇನೆ. ಅವನ ಹೆಂಡತಿ ಓದಿರುತ್ತಾಳೆ. ಅವಳೂ ಹೋದಳಂತೆ. ಕುರ್ಚಿ ಹಾಕಿಸುತ್ತೇನೆ ಎಂದಿದ್ದನಲ್ಲ, ಆ ಮನುಷ್ಯ! ತಪ್ಪಾಯಿತು ಎಂದು ಯಾರಿಗೆ ಹೇಳಲಿ? ಕಲ್ಲಿಗೇ ಹಾಗೆಂದು ಕೈಯಾಡಿಸಿ ಬಂದೆ.

ಟಿ.ವಿ. ಈಗ ಬರೀ ಬೆಳಕು. ಅಕ್ಷರ ಓದಿದರೆ ಮುಖ ತಪ್ಪುತ್ತದೆ, ಮುಖ ನೋಡಿದರೆ ಅಕ್ಷರ ತಪ್ಪುತ್ತದೆ. ಪೆಟ್ಟಿಗೆಯನ್ನು ಕ್ಲಬ್ಬಿಗೆ ಕೊಟ್ಟೆ. ಹೋದ ಶನಿವಾರ ನನಗಾಗಿ ಮೂಕಿ ಚಿತ್ರ ಹಾಕಿದರು. ಮೊದಲ ಸಾಲಿನಲ್ಲಿ ಕೂತು ಒಂದೇ ಒಂದು ಬಾಯಿಯನ್ನು ನೋಡಿಕೊಂಡು ಬಂದೆ. ಚೆನ್ನಾಗಿತ್ತು. ಏನು ಹೇಳುತ್ತಿತ್ತೋ ಅದನ್ನೇ ಹೇಳುತ್ತಿತ್ತು.

ಹದಿಮೂರು ವರ್ಷದ ಹುಡುಗಿಯನ್ನು ನಾನು ನಿನ್ನ ಪತ್ರ ಓದಿದ ಗಳಿಗೆಯಲ್ಲೇ ಕ್ಷಮಿಸಿದೆ. ಅಂಥ ಮಾತನ್ನು ಮಗುವಿನ ಕೈಗೆ ಕೊಟ್ಟದ್ದು ದೊಡ್ಡವರ ತಪ್ಪು, ನನ್ನದೂ ಸೇರಿ. ಅವಳು ಈಗ ಬಾಗಿಲಿಗೆ ಬಂದರೆ ಮಡಿಲಲ್ಲಿ ಕೂರಿಸಿಕೊಳ್ಳುತ್ತೇನೆ. ಮೂವತ್ತೈದರವಳನ್ನು ಕ್ಷಮಿಸಲು ಆಗುತ್ತಿಲ್ಲ. ಪ್ರಯತ್ನಪಟ್ಟೆ, ಸುಳ್ಳು ಯಾಕೆ ಹೇಳಲಿ. ಅಂಚೆಚೀಟಿ ಹಚ್ಚಿದ ನೆನಪಾದಾಗಲೆಲ್ಲ ಮೈ ಉರಿಯುತ್ತದೆ.

ಬರಬೇಡ. ಬಂದರೆ ನಿನ್ನನ್ನು ಬಿಟ್ಟು ನನಗೆ ಬೇರೆ ದಿಕ್ಕಿರುವುದಿಲ್ಲ. ಕಣ್ಣಿದ್ದಾಗಲೇ ನಿನ್ನ ಕೈ ನನ್ನನ್ನು ನಂಬಿಸಿತು, ಇನ್ನು ಕತ್ತಲಲ್ಲಿ ನಾನೇನು ಮಾಡಲಿ? ನೀನು ಇದ್ದದ್ದನ್ನೇ ಹೇಳಿದರೂ ನಾನು ನಂಬುವುದಿಲ್ಲ. ಇಬ್ಬರಿಗೂ ಆ ನರಕ ಬೇಡ.

ಪತ್ರವನ್ನೂ ಬರೆಯಬೇಡ ಮಗಳೇ. ನನಗೆ ಓದಲಾಗುವುದಿಲ್ಲ. ಟಿಲ್ಲಿ ಓದಿ ಅಂಗೈಯಲ್ಲಿ ಹೇಳುತ್ತೇನೆ ಎಂದಿದ್ದಾಳೆ. ಟಿಲ್ಲಿ ಬಹಳ ಒಳ್ಳೆಯವಳು, ಅದಕ್ಕೇ ಬೇಡ ಎಂದೆ. ನೀನು ಏನೇ ಬರೆದಿದ್ದರೂ ಅವಳು ನನಗೆ ಹೇಳುವುದು, “ನೋರೀನ್ ಸುಖವಾಗಿದಾಳಂತೆ ಕಣೇ.”

ನಿನ್ನ ತಾಯಿ
ಹುಲ್ಡಾ